ಮಾವನ ಸರಕಾರಕ್ಕೆ ಲೆಕ್ಕ ಕೇಳಿದ ಸಂಸದ ಫಿರೋಜ್ ಗಾಂಧಿ

ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗುವವರಿಗೆ ಈ ದೃಶ್ಯ ಚಿರಪರಿಚಿತ. ಕೋಶಾಧಿಕಾರಿಗಳು ಲೆಕ್ಕಪತ್ರ ಮಂಡಿಸುತ್ತಾರೆ. ಅಧ್ಯಕ್ಷರು ಸಭೆಯ ಮಂಜೂರಾತಿ ಕೋರುತ್ತಾರೆ. ಊಟದ ಹೊತ್ತು ಸಮೀಪಿಸಿರುವುದರಿಂದ ಎಲ್ಲರ ಕೈಗಳೂ ಮೇಲೇಳುತ್ತವೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದು, ಅಚ್ಚಾದ ವರದಿಯ ಇಂಥ ಪುಟದಲ್ಲಿ ಇಂಥ ಖರ್ಚು ಯಾರ ಒಪ್ಪಿಗೆಯಿಂದ ಆಯಿತು ಎಂದು ವಿಚಾರಿಸುತ್ತಾರೆ. ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಅಂಥ ಸದಸ್ಯರನ್ನು ಮುಂದಿನ ಕಾರ್ಯಕಾರಿ ಸಮಿತಿಗೆ ಯಾರೂ ಸೂಚಿಸುವುದಿಲ್ಲ. ಇನ್ನು ಆ ಸದಸ್ಯರು ಅಧ್ಯಕ್ಷರ ಅಳಿಯನೇ ಆಗಿದ್ದರೆ ಏನಾಗಬಹುದು?

ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಹೀಗೆ ಆದದ್ದುಂಟು. ಪ್ರಶ್ನೆ ಕೇಳಿದವರು ರಾಯ್‌ಬರೇಲಿಯ ಕಾಂಗ್ರೆಸ್ ಸಂಸದ ದಿವಂಗತ ಫಿರೋಜ್ ಗಾಂಧಿಯವರು. ಉತ್ತರ ಕೊಡಬೇಕಾದ ಸರಕಾರದ ಮುಖ್ಯಸ್ಥರು ಅವರ ಮಾವ ಪಂಡಿತ್ ಜವಾಹರಲಾಲ್ ನೆಹರೂ. ಇಂದು ಫಿರೋಜರ ಹೆಸರು ಬಂದರೆ ಇಂದಿರಾ ಗಾಂಧಿಯವರ ಪತಿ, ರಾಜೀವ್ ಮತ್ತು ಸಂಜಯ್ ಅವರ ತಂದೆ ಎಂದಷ್ಟೇ ಹೆಚ್ಚಿನವರು ಹೇಳಿಯಾರು. ಆದರೆ ಎಲ್‌ಐಸಿಯ ಪಾಲಿಸಿ ಇರುವ ಪ್ರತಿಯೊಂದು ಮನೆಗೂ, ಸಂಸತ್ತಿನ ವರದಿಯನ್ನು ಪತ್ರಿಕೆಯಲ್ಲಿ ಓದುವ ಪ್ರತಿಯೊಬ್ಬರಿಗೂ ಈ ಮನುಷ್ಯನ ಋಣವಿದೆ.

ಫಿರೋಜ್ ನಮ್ಮ ಮುಂಬಯಿಯಲ್ಲೇ ಹುಟ್ಟಿದವರು. 1912ರ ಸೆಪ್ಟಂಬರ್ 12ರಂದು ಪಾರ್ಸಿ ಮನೆತನದಲ್ಲಿ ಜನನ. ತಂದೆ ಜಹಾಂಗೀರ್ ಹಡಗಿನ ಇಂಜಿನಿಯರ್. ಮನೆ ಖೇತ್‌ವಾಡಿಯಲ್ಲಿ. ಐದು ಮಕ್ಕಳಲ್ಲಿ ಫಿರೋಜರೇ ಕಿರಿಯರು. ಗಾಂಧಿ ಎಂಬ ಅಡ್ಡಹೆಸರು ಗುಜರಾತಿನ ಪಾರ್ಸಿಗಳಲ್ಲಿಯೂ ಇದೆ, ಮಹಾತ್ಮಾ ಗಾಂಧೀಜಿಯವರಿಗೂ ಈ ಮನೆತನಕ್ಕೂ ರಕ್ತಸಂಬಂಧವಿಲ್ಲ. ತಂದೆ ತೀರಿಕೊಂಡ ಬಳಿಕ ತಾಯಿ ಮಕ್ಕಳೊಂದಿಗೆ ಅಲಹಾಬಾದಿಗೆ ಹೋದರು. ಅಲ್ಲಿ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ತಾಯಿಯ ಅವಿವಾಹಿತ ಸಹೋದರಿ ಶಿರೀನ್ ಕಮಿಸ್ಸೇರಿಯಟ್ ಅವರ ಆಶ್ರಯವಿತ್ತು.

1930ರಲ್ಲಿ ಫಿರೋಜ್ ಅಲಹಾಬಾದಿನ ಇವಿಂಗ್ ಕ್ರಿಶ್ಚಿಯನ್ ಕಾಲೇಜಿನ ವಿದ್ಯಾರ್ಥಿ. ಕಾಲೇಜಿನ ಹೊರಗೆ ಸತ್ಯಾಗ್ರಹ ನಡೆಸುತ್ತಿದ್ದ ಕಮಲಾ ನೆಹರೂ ಬಿಸಿಲಿನ ತಾಪಕ್ಕೆ ಕುಸಿದು ಬಿದ್ದಾಗ ಉಪಚರಿಸಿದವರಲ್ಲಿ ಈ ಹುಡುಗನೂ ಒಬ್ಬ. ಅಲ್ಲಿಂದ ಅವರ ಹಾದಿಯೇ ಬದಲಾಯಿತು. ಓದು ಬಿಟ್ಟು ಚಳವಳಿಗೆ ಇಳಿದರು. ಅದೇ ವರ್ಷ ಸೆರೆಮನೆ ಸೇರಿದರು, ಫೈಜಾಬಾದ್ ಜೈಲಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಸಹವಾಸವಾಯಿತು. ಕ್ಷಯರೋಗದಿಂದ ನರಳುತ್ತಿದ್ದ ಕಮಲಾ ಅವರ ಶುಶ್ರೂಷೆಯಲ್ಲಿ ಕೊನೆಯವರೆಗೂ ನೆರವಾದರು. 1936ರ ಫೆಬ್ರವರಿಯಲ್ಲಿ ಅವರು ಸ್ವಿಟ್ಜರ್‌ಲ್ಯಾಂಡಿನ ಲೋಸಾನಿನಲ್ಲಿ ಕೊನೆಯುಸಿರೆಳೆದಾಗಲೂ ಫಿರೋಜ್ ಹತ್ತಿರದಲ್ಲಿದ್ದರು. 1942ರ ಮಾರ್ಚ್ 26ರಂದು ಇಂದಿರಾ ಅವರೊಂದಿಗೆ ವಿವಾಹ. ಆರು ತಿಂಗಳು ಕಳೆಯುವುದರೊಳಗೆ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಜೈಲಿನಲ್ಲಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಫಿರೋಜ್ ಲಕ್ನೋದಲ್ಲಿ ನ್ಯಾಶನಲ್ ಹೆರಾಲ್ಡ್ ಪತ್ರಿಕೆಯ ಆಡಳಿತ ನಿರ್ದೇಶಕರಾಗಿದ್ದರು. ಪತ್ರಿಕೆಯ ಒಳಹೊರಗು ತಿಳಿದದ್ದು ಮುಂದೆ ಉಪಯೋಗಕ್ಕೆ ಬಂತು.

1950ರಿಂದ 52ರವರೆಗೆ ತಾತ್ಕಾಲಿಕ ಸಂಸತ್ತಿನ ಸದಸ್ಯರು. 1952ರ ಮೊದಲ ಮಹಾಚುನಾವಣೆಯಲ್ಲಿ ರಾಯ್‌ಬರೇಲಿ ಭಾಗದಿಂದ ಗೆದ್ದು ಲೋಕಸಭೆಗೆ ಬಂದರು, 1957ರಲ್ಲಿ ಮತ್ತೆ ಗೆದ್ದರು. ಆದರೆ ಮೊದಲ ಕೆಲವು ವರ್ಷ ಸದನದಲ್ಲಿ ಅವರ ಸದ್ದೇ ಇರಲಿಲ್ಲ. ಪ್ರಧಾನಿಯ ಅಳಿಯ, ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುತ್ತಾನೆ ಎಂದು ಹಲವರು ಲೆಕ್ಕ ಹಾಕಿದ್ದರು.

ಒಬ್ಬ ಸಂಸದರನ್ನು ಅಳೆಯಲು ಅವರು ಯಾವ ಮಸೂದೆಗೆ ಪರವಾಗಿ, ಯಾವುದಕ್ಕೆ ವಿರುದ್ಧವಾಗಿ ಮತ ಹಾಕಿದರು ಎಂದು ನೋಡುವ ಪದ್ಧತಿ ಅಮೆರಿಕದಲ್ಲಿದೆ. ನಮ್ಮಲ್ಲಿ ಆ ಅಳತೆಗೋಲು ಅಷ್ಟಾಗಿ ಕೆಲಸಕ್ಕೆ ಬಾರದು. ಇಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ, ಯಾರು ಹೌದು ಎಂದರು, ಯಾರು ಇಲ್ಲ ಎಂದರು ಎಂಬುದು ದಾಖಲಾಗುವುದೇ ಇಲ್ಲ. ಮತಗಳನ್ನು ಎಣಿಸುವ ಪ್ರಸಂಗ ಬಂದರೂ ಪಕ್ಷದ ವಿಪ್ ಇರುತ್ತದೆ. ವಿಪ್ ಮೀರಿದವರ ಸದಸ್ಯತ್ವವೇ ಹೋಗುವ ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ, ಫಿರೋಜರ ಕಾಲಕ್ಕೆ ಅದಿರಲಿಲ್ಲ ನಿಜ. ಆದರೂ 1957ರ ಲೋಕಸಭೆಯ 494 ಸ್ಥಾನಗಳಲ್ಲಿ 371 ಕಾಂಗ್ರೆಸಿನದೇ. ಅಂಥ ಬಹುಮತದ ಎದುರು ಒಂದು ಮತ ಅತ್ತ ಬಿದ್ದರೇನು, ಇತ್ತ ಬಿದ್ದರೇನು? ಫಿರೋಜ್ ಕೊನೆಯವರೆಗೂ ಕಾಂಗ್ರೆಸಿಗರಾಗಿಯೇ ಉಳಿದರು. ಅವರ ನಿಲುವುಗಳನ್ನು ಹುಡುಕಬೇಕಾದದ್ದು ಮತಪಟ್ಟಿಯಲ್ಲಿ ಅಲ್ಲ, ಅವರ ಪ್ರಶ್ನೆಗಳಲ್ಲಿ, ಭಾಷಣಗಳಲ್ಲಿ ಮತ್ತು ಅವರು ತಾವಾಗಿಯೇ ತಂದ ಒಂದು ಪುಟ್ಟ ಮಸೂದೆಯಲ್ಲಿ.

ಮೌನ ಮುರಿದದ್ದು 1955ರ ಡಿಸೆಂಬರ್ ತಿಂಗಳಲ್ಲಿ, ವಿಮಾ ಕಾನೂನಿನ ತಿದ್ದುಪಡಿಯ ಚರ್ಚೆಯಲ್ಲಿ. ಆಗ ಜೀವವಿಮೆ ಖಾಸಗಿ ಕಂಪೆನಿಗಳ ಕೈಯಲ್ಲಿತ್ತು. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಒಡೆತನದ ಭಾರತ್ ಇನ್ಶೂರೆನ್ಸ್ ಕಂಪೆನಿಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿದ ಹಣ ದುರುಪಯೋಗವಾದ ಪ್ರಕರಣ ಆಗಷ್ಟೇ ಪೊಲೀಸರ ಕೈಗೆ ಬಂದಿತ್ತು. ಫಿರೋಜ್ ಸುಮ್ಮನೆ ಆರೋಪ ಮಾಡಿ ಕುಳಿತುಕೊಳ್ಳಲಿಲ್ಲ. ಒಂದು ಕಂಪೆನಿಯ ಹಣ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೇಗೆ ಹರಿಯುತ್ತದೆ, ಪಾಲಿಸಿದಾರರ ಪ್ರೀಮಿಯಂ ಹೇಗೆ ಮಾಲೀಕರ ಸ್ವಂತ ವ್ಯಾಪಾರದ ಬಂಡವಾಳವಾಗುತ್ತದೆ ಎಂದು ಒಂದೊಂದಾಗಿ ಬಿಡಿಸಿ ತೋರಿಸಿದರು. ಲೆಕ್ಕಪತ್ರ ಪರಿಶೋಧಕರೊಬ್ಬರು ವರದಿ ಓದಿದಂತಿತ್ತು. ಜೀವವಿಮೆ ಖಾಸಗಿಯವರ ಕೈಯಲ್ಲಿ ಇರಬಾರದು ಎಂಬುದು ಅವರ ನಿಲುವು. ಮುಂದಿನ ತಿಂಗಳೇ, 1956ರ ಜನವರಿ 19ರಂದು, ಹಣಕಾಸು ಸಚಿವ ಸಿ. ಡಿ. ದೇಶ್‌ಮುಖ್ ಅವರ ಕಾಲದಲ್ಲಿ ಸುಗ್ರೀವಾಜ್ಞೆಯ ಮೂಲಕ ಜೀವವಿಮೆ ರಾಷ್ಟ್ರೀಕರಣವಾಯಿತು. 245 ಕಂಪೆನಿ ಮತ್ತು ಸೊಸೈಟಿಗಳನ್ನು ಒಂದುಗೂಡಿಸಿ ಸೆಪ್ಟಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಆರಂಭವಾಯಿತು. ಒಂದೇ ಭಾಷಣದಿಂದ ಇದೆಲ್ಲ ಆಯಿತು ಎಂದರೆ ಅತಿಶಯೋಕ್ತಿಯಾದೀತು, ಸರಕಾರದೊಳಗೆ ಸಿದ್ಧತೆ ಮೊದಲೇ ನಡೆದಿತ್ತು. ಆದರೆ ಏಕೆ ಮಾಡಬೇಕು ಎಂಬುದನ್ನು ಜನರಿಗೆ ಅರ್ಥವಾಗುವಂತೆ ಹೇಳಿದವರಲ್ಲಿ ಫಿರೋಜ್ ಮೊದಲಿಗರು. ದಾಲ್ಮಿಯಾ ಅವರಿಗೆ ಶಿಕ್ಷೆಯಾಗಿ, 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಆ ಚರ್ಚೆಯಲ್ಲಿ ಇನ್ನೊಂದು ತೊಡಕು ಬೆಳಕಿಗೆ ಬಂತು. ಸಂಸತ್ತಿನೊಳಗೆ ಸದಸ್ಯರು ಆಡಿದ ಮಾತಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆ, ಅವರ ಮೇಲೆ ಯಾರೂ ಮೊಕದ್ದಮೆ ಹೂಡುವಂತಿಲ್ಲ. ಆದರೆ ಅದೇ ಮಾತನ್ನು ಮರುದಿನ ಅಚ್ಚು ಮಾಡಿದ ಪತ್ರಿಕೆಗೆ ಅಂಥ ರಕ್ಷಣೆ ಇರಲಿಲ್ಲ. ಹಣವಂತ ಉದ್ಯಮಿಯ ಹೆಸರು ಹಾಕಿದರೆ ಮಾನನಷ್ಟ ದಾವೆ ಖಂಡಿತ ಎಂಬ ಭಯ ಸಂಪಾದಕರಿಗೆ. ಸದನದಲ್ಲಿ ಸತ್ಯ ಹೇಳಿದರೂ ಅದು ಊರಿಗೆ ತಲುಪದಿದ್ದರೆ ಹೇಳಿ ಏನು ಫಲ?

ಪತ್ರಿಕಾ ಕಚೇರಿಯಲ್ಲಿ ಪಳಗಿದ್ದ ಫಿರೋಜರಿಗೆ ಇದರ ಬಿಸಿ ಗೊತ್ತಿತ್ತು. ಸಂಸತ್ತಿನ ಕಲಾಪವನ್ನು ಬಹುಮಟ್ಟಿಗೆ ಯಥಾವತ್ತಾಗಿ, ದುರುದ್ದೇಶವಿಲ್ಲದೆ, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ನಡೆಯಬಾರದು ಎಂಬ ಮಸೂದೆಯನ್ನು ಖಾಸಗಿ ಸದಸ್ಯರಾಗಿ ತಂದರು. ಸಚಿವರಲ್ಲದ ಸದಸ್ಯರ ಮಸೂದೆ ಕಾನೂನಾಗುವುದು ಎಷ್ಟು ದುರ್ಲಭ ಎಂದರೆ, ಭಾರತದ ಸಂಸತ್ತಿನಲ್ಲಿ ಇಂದಿನವರೆಗೆ ಹಾಗೆ ಕಾನೂನಾದ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಫಿರೋಜರದು ಅವುಗಳಲ್ಲಿ ಒಂದು. 1956ರ ಮೇ ತಿಂಗಳಲ್ಲಿ ಅದಕ್ಕೆ ಅಂಕಿತ ಬಿತ್ತು. ಪತ್ರಕರ್ತರು ಅದನ್ನು ಫಿರೋಜ್ ಗಾಂಧಿ ಕಾನೂನು ಎಂದೇ ಕರೆದರು.

ರಾಷ್ಟ್ರೀಕರಣಕ್ಕಾಗಿ ಹೋರಾಡಿದವರು ಅದು ಕೈಗೂಡಿದ ಮೇಲೆ ಸಾಮಾನ್ಯವಾಗಿ ಆ ಸಂಸ್ಥೆಯ ಕಡೆ ತಿರುಗಿ ನೋಡುವುದಿಲ್ಲ. ಫಿರೋಜ್ ನೋಡಿದರು. ಖಾಸಗಿ ಮಾಲೀಕನಿಗೆ ಕೇಳಿದ ಲೆಕ್ಕವನ್ನೇ ಸರಕಾರಿ ಸಂಸ್ಥೆಗೂ ಕೇಳಿದರು. ಅವರ ಬದುಕಿನ ಅತಿ ದೊಡ್ಡ ಪ್ರಸಂಗ ಅದೇ.

ಎಲ್‌ಐಸಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1957ರ ಜೂನ್ ತಿಂಗಳಲ್ಲಿ ಕಲ್ಕತ್ತೆಯ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಗೆ ಸೇರಿದ ಆರು ಕಂಪೆನಿಗಳ ಷೇರುಗಳನ್ನು ನಿಗಮವು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಖರೀದಿಸಿತು. ರಿಚರ್ಡ್‌ಸನ್ ಆಂಡ್ ಕ್ರುಡ್ಡಾಸ್, ಜೆಸ್ಸಪ್ಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಶನ್, ಏಂಜೆಲೊ ಬ್ರದರ್ಸ್ ಮುಂತಾದವು ಆ ಕಂಪೆನಿಗಳು. ಇವತ್ತು ಮುಂಬಯಿಯ ಉಪನಗರದಲ್ಲಿ ಅಷ್ಟು ಹಣಕ್ಕೆ ಒಂದು ಫ್ಲ್ಯಾಟ್ ಸಿಕ್ಕರೆ ಪುಣ್ಯ. ಆದರೆ ಆ ದಿನಗಳಲ್ಲಿ ಅದು ಭಾರೀ ಮೊತ್ತ, ನಿಗಮದ ಮೂಲ ಬಂಡವಾಳವೇ ಐದು ಕೋಟಿ.

ಎಲ್‌ಐಸಿ ಷೇರು ಕೊಳ್ಳುವುದು ತಪ್ಪಲ್ಲ. ಪಾಲಿಸಿದಾರರ ಹಣ ಬೆಳೆಯಬೇಕಾದರೆ ಎಲ್ಲಿಯಾದರೂ ತೊಡಗಿಸಲೇಬೇಕು. ಆದರೆ ಅದಕ್ಕೆಂದೇ ನಿಗಮದಲ್ಲಿ ಹೂಡಿಕೆ ಸಮಿತಿ ಇತ್ತು, ಈ ವ್ಯವಹಾರದಲ್ಲಿ ಆ ಸಮಿತಿಯ ಅಭಿಪ್ರಾಯವನ್ನು ಮೊದಲಾಗಿ ಕೇಳಲೇ ಇಲ್ಲ. ಖರೀದಿ ನಡೆದದ್ದು ಷೇರುಪೇಟೆಯ ಮೂಲಕವೂ ಅಲ್ಲ, ಮುಂಧ್ರಾ ಅವರೊಂದಿಗೆ ನೇರ ಮಾತುಕತೆಯಲ್ಲಿ. ಅವರ ವ್ಯವಹಾರಗಳ ಬಗ್ಗೆ ಪೇಟೆಯಲ್ಲಿ ಮೊದಲೇ ಸಂಶಯವಿತ್ತು, ಸಾಲ ಕುತ್ತಿಗೆಯವರೆಗೆ ಬಂದಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು, ಸಾಮಾನ್ಯ ಗ್ರಾಹಕ ಹತ್ತು ಸಾವಿರದ ಸಾಲಕ್ಕೆ ಬಂದರೆ ಜಾಮೀನುದಾರರ ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಕೋಟಿಯ ವ್ಯವಹಾರವಾದರೆ ದೂರವಾಣಿಯಲ್ಲೇ ಮುಗಿದುಹೋಗುವುದುಂಟು.

ಆ ವರ್ಷದ ಸೆಪ್ಟಂಬರಿನಲ್ಲಿ ಲೋಕಸಭೆಯಲ್ಲಿ ಮೊದಲ ಪ್ರಶ್ನೆ ಬಂತು. ಸರಕಾರದ ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು. ಫಿರೋಜ್ ಬಿಡಲಿಲ್ಲ. ಒಂದು ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟಿಸುತ್ತ, ಕಾಗದಪತ್ರ ಕಲೆಹಾಕುತ್ತ ಹೋದರು. 1957ರ ಡಿಸೆಂಬರ್ 16ರಂದು ಸದನದಲ್ಲಿ ಎದ್ದು ನಿಂತಾಗ ಅವರ ಕೈಯಲ್ಲಿ ದಿನಾಂಕಗಳಿದ್ದವು, ಪೇಟೆಯ ಧಾರಣೆಗಳಿದ್ದವು. ಖರೀದಿಗೆ ಮುಂಚಿನ ಕೆಲವೇ ದಿನಗಳಲ್ಲಿ ಷೇರಿನ ಬೆಲೆ ಹೇಗೆ ಮೇಲೇರಿತು, ಏರಿದ ಬೆಲೆಯನ್ನೇ ನಿಗಮ ಹೇಗೆ ತೆತ್ತಿತು ಎಂದು ಅಂಕಿಗಳ ಸಮೇತ ವಿವರಿಸಿದರು. ಈ ನಿಗಮವನ್ನು ಹುಟ್ಟಿಸಿದ್ದು ಸಂಸತ್ತು, ಅದರ ಹಣದ ಮೇಲೆ ಕಣ್ಣಿಡಬೇಕಾದದ್ದೂ ಸಂಸತ್ತೇ ಎಂಬುದು ಅವರ ವಾದ. ಎದುರಿಗೆ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ, ನೆಹರೂ ಅವರ ಆಪ್ತರು. ಟಿಟಿಕೆ ಆರೋಪವನ್ನು ಒಪ್ಪಲಿಲ್ಲ. ವಿರೋಧ ಪಕ್ಷದವರು ಆಡಬೇಕಾದ ಮಾತನ್ನು ಸರಕಾರಿ ಬೆಂಚಿನಿಂದಲೇ ಕೇಳಿ ಸದನ ಸ್ತಬ್ಧವಾಯಿತು. ಇದೆಲ್ಲ ಮರುದಿನದ ಪತ್ರಿಕೆಗಳಲ್ಲಿ ಹೆಸರುಗಳ ಸಮೇತ ಬರಲು ಅವರೇ ಮಾಡಿಸಿದ್ದ ಕಾನೂನು ಬೆನ್ನಿಗಿತ್ತು.

ವಿಚಾರಣೆ ನಡೆಸದೆ ಸರಕಾರಕ್ಕೆ ಗತ್ಯಂತರವಿರಲಿಲ್ಲ. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. 1958ರ ಜನವರಿಯಲ್ಲಿ ಈ ನಗರವೇ ಅದರ ರಂಗಸ್ಥಳ. ಛಾಗ್ಲಾ ಅವರು ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಲಿಲ್ಲ. ಒಳಗೆ ಜಾಗ ಸಾಲದೆ ಹೊರಗೆ ನಿಂತ ಜನರಿಗೆ ಕೇಳಿಸಲೆಂದು ಧ್ವನಿವರ್ಧಕ ಕಟ್ಟಬೇಕಾಯಿತು. ಅಟಾರ್ನಿ ಜನರಲ್ ಎಂ. ಸಿ. ಸೆಟಲ್ವಾಡ್ ಆಯೋಗಕ್ಕೆ ನೆರವಾದರು. ಸಚಿವರು, ಹಣಕಾಸು ಕಾರ್ಯದರ್ಶಿ ಎಚ್. ಎಂ. ಪಟೇಲ್, ನಿಗಮದ ಹಿರಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಸಾಕ್ಷಿ ಕಟ್ಟೆಗೆ ಬಂದರು. ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಕೂಡ ಸಾಕ್ಷಿ ಹೇಳಬೇಕಾಯಿತು. ಅವರು ಎಚ್. ವಿ. ಆರ್. ಅಯ್ಯಂಗಾರ್, ಹೆಸರಿನ ಮೊದಲಕ್ಷರದಲ್ಲೇ ನಮ್ಮ ಮಂಡ್ಯ ಸೀಮೆಯ ಹರವು ಊರನ್ನು ಹೊತ್ತವರು. ಹಳೆಯ ನೋಟುಗಳನ್ನು ಜೋಪಾನ ಮಾಡುವವರು ಅವರ ಸಹಿಯನ್ನು ನೋಡಿರುತ್ತಾರೆ.

ಒಂದು ತಿಂಗಳೂ ಹಿಡಿಯದೆ ಕೆಲಸ ಮುಗಿಯಿತು. ಫೆಬ್ರವರಿ 10ರಂದು ವರದಿ ಸಿದ್ಧವಾಗಿತ್ತು. ವಿಚಾರಣಾ ಆಯೋಗ ಎಂದೊಡನೆ ವರ್ಷಗಟ್ಟಲೆ ಅವಧಿ ವಿಸ್ತರಣೆ ಕಾಣುವ ಈ ಕಾಲದವರಿಗೆ ಇದು ಕಟ್ಟುಕತೆಯಂತೆ ಕೇಳೀತು. ಈ ಖರೀದಿ ನಿಗಮದ ಹಿತಕ್ಕಾಗಿ ನಡೆದದ್ದಲ್ಲ, ಮುಂಧ್ರಾಗೆ ನೆರವಾಗಲು ನಡೆದದ್ದು ಎಂಬುದು ವರದಿಯ ತಿರುಳು. ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಸಾಂವಿಧಾನಿಕ ಹೊಣೆಗಾರರು ಎಂದೂ ಛಾಗ್ಲಾ ಹೇಳಿದರು. ಅದೇ ತಿಂಗಳು ಟಿಟಿಕೆ ರಾಜೀನಾಮೆ ಕೊಟ್ಟರು. ಮುಂಧ್ರಾ ಜೈಲಿಗೆ ಹೋದರು, ಪಟೇಲರ ಐಸಿಎಸ್ ವೃತ್ತಿ ಅಲ್ಲಿಗೆ ಮುಗಿಯಿತು. ಟಿಟಿಕೆ ಹಣ ತಿಂದರೆಂದು ಯಾರೂ ಹೇಳಲಿಲ್ಲ, ಫಿರೋಜರೂ ಹೇಳಿರಲಿಲ್ಲ. ನಾಲ್ಕು ವರ್ಷಗಳ ನಂತರ ಅವರು ಸಚಿವ ಸಂಪುಟಕ್ಕೆ ಮರಳಿದರು.

ಈ ಒಂದು ಹೋರಾಟಕ್ಕೆ ಫಿರೋಜ್ ತೆತ್ತ ಬೆಲೆ ಕಡಿಮೆಯದಲ್ಲ. ಮಾವ ಅಳಿಯರ ನಡುವೆ ಮೊದಲೇ ಸಲುಗೆ ಅಷ್ಟಕ್ಕಷ್ಟೆ. ಪತ್ನಿ ಮತ್ತು ಮಕ್ಕಳು ತೀನ್ ಮೂರ್ತಿ ಭವನದಲ್ಲಿ ಪ್ರಧಾನಿಯೊಂದಿಗೆ, ಫಿರೋಜ್ ಸಂಸದರಿಗೆ ಕೊಡುವ ಸಾಧಾರಣ ಬಂಗಲೆಯಲ್ಲಿ ಒಂಟಿಯಾಗಿ. ಅಲ್ಲಿ ಗುಲಾಬಿ ಬೆಳೆಸುತ್ತಿದ್ದರು, ಬಿಡುವಿದ್ದಾಗ ಮರಗೆಲಸ ಮಾಡುತ್ತಿದ್ದರು, ಮಕ್ಕಳಿಗೆ ಆಟಿಕೆ ಮಾಡಿಕೊಡುತ್ತಿದ್ದರು. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಅವರು ಕುಳಿತುಕೊಳ್ಳುವ ಮೂಲೆಗೆ ಅವರ ಹೆಸರೇ ಬಿದ್ದಿತ್ತು. ಪಕ್ಷಭೇದವಿಲ್ಲದೆ ಸಂಸದರು, ಪತ್ರಕರ್ತರು ಅಲ್ಲಿ ಸೇರುತ್ತಿದ್ದರು. ಮಂತ್ರಿಗಿರಿ ಮಾತ್ರ ಅವರ ಹತ್ತಿರ ಸುಳಿಯಲಿಲ್ಲ. 1958ರಲ್ಲಿ ಇಂಡಿಯನ್ ರಿಫೈನರೀಸ್ ಎಂಬ ಸರಕಾರಿ ಕಂಪೆನಿಯ ಮೊದಲ ಅಧ್ಯಕ್ಷರಾದರು. ಮರುವರ್ಷ ಸ್ಥಾಪನೆಯಾದ ಇಂಡಿಯನ್ ಆಯಿಲ್ ಕಂಪೆನಿಗೆ ಮೊದಲ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. 1964ರಲ್ಲಿ ಎರಡೂ ಸೇರಿ ಇಂದಿನ ಇಂಡಿಯನ್ ಆಯಿಲ್ ಕಾರ್ಪೊರೇಶನ್ ಆಯಿತು.

ಸ್ವಂತ ಸಮಾಜದವರ ಮುನಿಸನ್ನೂ ಅವರು ಲೆಕ್ಕಿಸಲಿಲ್ಲ. ಟಾಟಾ ಸಮೂಹದ ಟೆಲ್ಕೊ ಕಂಪೆನಿ ರೈಲ್ವೆಗೆ ಮಾರುವ ಇಂಜಿನಿನ ಬೆಲೆ ಜಪಾನಿನ ಇಂಜಿನಿನ ಬೆಲೆಯ ಸುಮಾರು ಇಮ್ಮಡಿ ಎಂದು ಹೇಳಿ, ಟೆಲ್ಕೊ ರಾಷ್ಟ್ರೀಕರಣವಾಗಲಿ ಎಂದರು. ಟಾಟಾ ಎಂದರೆ ಪಾರ್ಸಿಗಳಿಗೆ ಮನೆಯ ಹಿರಿಯರಿದ್ದಂತೆ. ಬೊಂಬಾಯಿಯ ಪಾರ್ಸಿ ಸಮಾಜದಲ್ಲಿ ಕೋಲಾಹಲವೇ ಎದ್ದಿತು. ರಾಷ್ಟ್ರೀಕರಣದ ಬಗ್ಗೆ ಅವರಿಗಿದ್ದ ನಂಬಿಕೆ ಸ್ವಲ್ಪ ಅತಿಯಾಯಿತೇನೋ ಎಂದು ಇಂದು ಅನ್ನಿಸಬಹುದು. ಸರಕಾರದ ಕೈಗೆ ಹೋದದ್ದೆಲ್ಲ ಸುಧಾರಿಸಲಿಲ್ಲ ಎಂಬುದಕ್ಕೆ ಮುಂಧ್ರಾ ಪ್ರಕರಣವೇ ಸಾಕ್ಷಿ.

ಕೇರಳದ ವಿಷಯದಲ್ಲಿ ಮಾತ್ರ ಜಗಳ ಮನೆಯೊಳಗೇ ಬಂತು. 1957ರಲ್ಲಿ ಅಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಚುನಾವಣೆಯಲ್ಲಿ ಗೆದ್ದು ಬಂದಿತ್ತು. 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದ ಇಂದಿರಾ ಅವರು ಆ ಸರಕಾರವನ್ನು ವಜಾ ಮಾಡುವಂತೆ ಒತ್ತಾಯಿಸಿದರು. ಜನ ಆರಿಸಿದ ಸರಕಾರವನ್ನು ದಿಲ್ಲಿಯಿಂದ ಉರುಳಿಸುವುದು ಸರಿಯಲ್ಲ ಎಂಬುದು ಫಿರೋಜರ ನಿಲುವು, ಪಕ್ಷದೊಳಗೆ ಅದನ್ನು ಬಿಚ್ಚುಮನಸ್ಸಿನಿಂದಲೇ ಹೇಳಿದರು. ಜುಲೈ 31ರಂದು ಕೇರಳ ಸರಕಾರ ವಜಾ ಆಯಿತು. ಈ ಬಾರಿ ಅವರ ಮಾತು ನಡೆಯಲಿಲ್ಲ.

1958ರಲ್ಲಿ ಒಮ್ಮೆ ಹೃದಯಾಘಾತವಾಗಿತ್ತು. 1960ರ ಸೆಪ್ಟಂಬರಿನಲ್ಲಿ ಎದೆನೋವು ಮತ್ತೆ ಕಾಣಿಸಿಕೊಂಡಾಗ ತಾವೇ ಕಾರು ಓಡಿಸಿಕೊಂಡು ದಿಲ್ಲಿಯ ವಿಲಿಂಗ್‌ಡನ್ ಆಸ್ಪತ್ರೆಗೆ ಹೋದರು. ಕೇರಳ ಪ್ರವಾಸದಲ್ಲಿದ್ದ ಇಂದಿರಾ ವಿಮಾನದಲ್ಲಿ ಧಾವಿಸಿ ಬಂದರು. ಸೆಪ್ಟಂಬರ್ 8ರಂದು ಫಿರೋಜ್ ತೀರಿಕೊಂಡರು. 48 ತುಂಬಲು ನಾಲ್ಕು ದಿನ ಬಾಕಿ ಇತ್ತು. ಯಮುನೆಯ ದಡದ ನಿಗಮ್‌ಬೋಧ್ ಘಾಟಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಚಿತಾಭಸ್ಮದ ಒಂದು ಪಾಲು ಅಲಹಾಬಾದಿನ ಪಾರ್ಸಿ ಸ್ಮಶಾನದಲ್ಲಿದೆ. ಅಂತಿಮಯಾತ್ರೆಯಲ್ಲಿ ಸೇರಿದ ಜನಸಾಗರ ಕಂಡು ಸ್ವತಃ ನೆಹರೂ ಅಚ್ಚರಿಪಟ್ಟರೆಂದು ಹೇಳುತ್ತಾರೆ.

ಆ ಪುಟ್ಟ ಕಾನೂನಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಫಿರೋಜರ ರಾಯ್‌ಬರೇಲಿಯಿಂದಲೇ 1967ರಲ್ಲಿ ಇಂದಿರಾ ಲೋಕಸಭೆಗೆ ಬಂದರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅನೂರ್ಜಿತಗೊಳಿಸಿದ್ದು ಅದೇ ಕ್ಷೇತ್ರದಿಂದ 1971ರಲ್ಲಿ ಅವರು ಗೆದ್ದ ಚುನಾವಣೆಯನ್ನು. ಅದೇ ತಿಂಗಳು ತುರ್ತುಪರಿಸ್ಥಿತಿ ಬಂತು, ಪತ್ರಿಕೆಗಳ ಮೇಲೆ ಸೆನ್ಸಾರ್ ಕುಳಿತಿತು. ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯೊಂದರ ಮೂಲಕ 1956ರ ಆ ಕಾನೂನನ್ನು ರದ್ದುಪಡಿಸಲಾಯಿತು, ಮರುವರ್ಷ ಸಂಸತ್ತು ಅದಕ್ಕೆ ಮುದ್ರೆ ಒತ್ತಿತು. ಪತಿ ಬರೆದದ್ದನ್ನು ಪತ್ನಿಯ ಸರಕಾರವೇ ಅಳಿಸಿತು. ಸಂಸತ್ತಿನೊಳಗೆ ವಿರೋಧಿಗಳು ಏನು ಮಾತಾಡಿದರು ಎಂಬುದು ಮತ್ತೆ ಊರಿಗೆ ತಲುಪದಂತಾಯಿತು.

1977ರಲ್ಲಿ ರಾಯ್‌ಬರೇಲಿಯ ಮತದಾರರು ಇಂದಿರಾ ಅವರನ್ನು ಸೋಲಿಸಿದರು. ಮರುವರ್ಷ ಅವರಿಗೆ ರಾಜಕೀಯ ಪುನರ್ಜನ್ಮ ಕೊಟ್ಟದ್ದು ನಮ್ಮ ಚಿಕ್ಕಮಗಳೂರು ಎಂಬುದು ಎಲ್ಲರಿಗೂ ಗೊತ್ತೇ ಇದೆ. ದಿಲ್ಲಿಯಲ್ಲಿ ಅಧಿಕಾರಕ್ಕೆ ಬಂದ ಮೊರಾರ್ಜಿ ದೇಸಾಯಿಯವರ ಜನತಾ ಸರಕಾರ ಅದೇ ವರ್ಷ ಫಿರೋಜರ ಕಾನೂನನ್ನು ಮರಳಿ ತಂದಿತು. 1978ರ 44ನೇ ತಿದ್ದುಪಡಿಯಲ್ಲಿ ಅದರ ಸಾರವನ್ನು 361ಎ ವಿಧಿಯಾಗಿ ಸಂವಿಧಾನಕ್ಕೇ ಸೇರಿಸಲಾಯಿತು. ಸುಗ್ರೀವಾಜ್ಞೆಯೊಂದರಿಂದ ಅದನ್ನಿನ್ನು ತೆಗೆದುಹಾಕಲು ಬರುವುದಿಲ್ಲ. ಆ ಕಾನೂನನ್ನು ಮರಳಿ ತಂದ ಮೊರಾರ್ಜಿ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು ಎಚ್. ಎಂ. ಪಟೇಲ್, ಇಪ್ಪತ್ತು ವರ್ಷಗಳ ಹಿಂದೆ ಬೊಂಬಾಯಿಯಲ್ಲಿ ಛಾಗ್ಲಾ ಅವರ ಮುಂದೆ ಸಾಕ್ಷಿ ಕಟ್ಟೆ ಹತ್ತಿದ್ದ ಅದೇ ಕಾರ್ಯದರ್ಶಿ.